ಸೋಮವಾರದ ಗುಳಿಗೆ

ನನಗೆ ಕ್ಷಯ ಹತ್ತಿದೆ ಎಂದು ನನಗಿಂತ ಮೊದಲು ಗುರುತಿಸಿದವನು ಬಸ್ ಕಂಡಕ್ಟರ್. ಶಾಲೆಯ ಕೆಲಸಕ್ಕೆಂದು ನಾನು ಆಗಾಗ ನಾಲತವಾಡದಿಂದ ಮುದ್ದೇಬಿಹಾಳಕ್ಕೆ ಹೋಗಬೇಕಾಗುತ್ತಿತ್ತು. ನಾಲ್ಕೈದು ಸಲ ನನ್ನ ಕೆಮ್ಮು ಕೇಳಿದ್ದ ಆತ ಒಂದು ದಿನ ಟಿಕೀಟು ಹರಿದು ಕೊಡುತ್ತ, "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಇದು ನೆಗಡಿ ಕೆಮ್ಮಲ್ಲರಿ. ನಮ್ಮಪ್ಪಗ ಹಿಂಗ ಇತ್ತು. ಹಿಂದಿನ ಸೀಟಿಗೆ ಹೋಗಿ ಖಿಡಕಿ ತಗದು ಕುಂಡ್ರರಿ" ಎಂದ. ಸಿಟ್ಟಾಗಬೇಡಿ ಅಂದರೂ ಸಿಟ್ಟಾದೆ. ಎಲ್ಲರೆದುರು ಹೀಗನ್ನುವುದೇ? ಆದರೂ ಎದ್ದು ಹಿಂದೆ ಹೋಗಿ ಕುಳಿತೆ.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನನಗೆ ಇಪ್ಪತ್ತಾರು ವರ್ಷ. ತವರು ಬಾಗೇವಾಡಿ ತಾಲೂಕಿನ ಮಸೂತಿ, ಗಂಡನ ಮನೆ ನಾಲತವಾಡ. ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುತ್ತಿದ್ದೆ. ಮಗಳು ಗಿರಿಜೆಗೆ ಒಂಬತ್ತು ತಿಂಗಳಾಗಿತ್ತು, ಇನ್ನೂ ಎದೆಹಾಲು ಬಿಡಿಸಿರಲಿಲ್ಲ.

ಮುದ್ದೇಬಿಹಾಳದ ಡಾಕ್ಟರು ಒಂದು ಡಬ್ಬಿ ಕೊಟ್ಟು ಮುಂಜಾನೆಯ ಕಫ ತರಲು ಹೇಳಿದರು. ಎರಡು ದಿನ ಬಿಟ್ಟು ನಾನೂ ನನ್ನ ಯಜಮಾನರೂ ಹೋದೆವು. ನನ್ನನ್ನು ಹೊರಗಿನ ಬಾಕಿನ ಮೇಲೆ ಕೂಡ್ರಿಸಿ ಅವರೊಬ್ಬರನ್ನೇ ಒಳಗೆ ಕರೆದರು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ತನ್ನ ಗಂಟು ತೆಗೆದುಕೊಂಡು ಬಾಕಿನ ಆ ತುದಿಗೆ ಸರಿದಳು. ಯಜಮಾನರು ಹೊರಗೆ ಬಂದವರು ನನ್ನ ಮುಖ ನೋಡಲಿಲ್ಲ. "ಏನಂದ್ರರಿ?" ಅಂದೆ. "ಕೂಸನ್ನ ಇವತ್ತಿನಿಂದ ಹತ್ತರ ತಗೋಬಾರದಂತ" ಎಂದರು. ರೋಗದ ಹೆಸರನ್ನು ಅವರು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ.

ಆ ಸಂಜೆ ಗಿರಿಜೆ ನನ್ನ ನೆಗೆಣ್ಣಿ ಶಾಂತಾಳ ಕಂಕುಳಲ್ಲಿ ಕೂತು, ನನ್ನ ಕಡೆ ಕೈ ಚಾಚಿ ಅತ್ತಳು. ನಾನು ಪಡಸಾಲೆಯ ಬಾಗಿಲ ಹೊರಗೆ ನಿಂತಿದ್ದೆ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಹಳೆಯ ಧೋತರ ಹರಿದು ಬಿಗಿಯಾಗಿ ಸುತ್ತಿಕೊಂಡೆ. ನಮ್ಮ ಅತ್ತೆಯವರು ಕೆಟ್ಟವರಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಯಾವ ಜಲ್ಮದ ಪಾಪೋ ಏನೋ ಯವ್ವಾ, ಹಾಲು ಕುಡಿಯೂ ಕೂಸಿಗೆ ಈ ಗತಿ ಬಂತು" ಎಂದರು. ಆ ಮಾತು ಎದೆಯೊಳಗೆ ಹೋಗಿ ಕೂತಿತು.

ಮರುವಾರ ನನ್ನನ್ನು ಬಿಜಾಪುರದಾಚೆ ಒಂದು ದಿನದ ಹಾದಿಯಲ್ಲಿದ್ದ ಮಿಶನ್ನಿನವರ ಕ್ಷಯದ ದವಾಖಾನೆಗೆ ಸೇರಿಸಿದರು. ಅಲ್ಲಿ ಹೆಣ್ಣುಮಕ್ಕಳ ವಾರ್ಡೆಂದರೆ ಒಂದು ಉದ್ದನೆಯ ಪಡಸಾಲೆ, ಒಂದು ಕಡೆ ಗೋಡೆಯೇ ಇಲ್ಲ. ಗಾಳಿ ಆಡಲಿ ಅಂತ. ಮುಂದೆ ಬೇವಿನ ಗಿಡಗಳು. ದಿನಾ ಮುಂಜಾನೆ ಕುಂಡಿಗೆ ಒಂದು ಇಂಜೆಕ್ಷನ್ನು, ಮೂರು ಹೊತ್ತು ಮುಷ್ಟಿ ತುಂಬ ಗುಳಿಗೆ, ಮೇಲೆ ಬಾಯಿ ಒಗರೊಗರಾಗುವ ಒಂದು ಪುಡಿ. ತಿಂಗಳಿಗೊಮ್ಮೆ ಕಫದ ಪರೀಕ್ಷೆ. ಕಫದಲ್ಲಿ ರೋಗ ಕಾಣದೆ ಹೋದರೆ 'ಸ್ವಚ್ಛ' ಅನ್ನುತ್ತಿದ್ದರು. ಮೂರು ತಿಂಗಳು ಸಾಲಾಗಿ ಸ್ವಚ್ಛ ಬಂದರೆ ಮನೆಗೆ ಕಳಿಸುತ್ತಿದ್ದರು. ನನಗೆ ಬೇಕಾಗಿದ್ದುದು ಆ ಒಂದೇ ಮಾತು. ಗಿರಿಜೆ ನಡೆಯಲು ಕಲಿಯುವುದರೊಳಗೆ ಮನೆಗೆ ಹೋಗಬೇಕು ಎಂದುಕೊಂಡಿದ್ದೆ.

ಔಷಧ, ಊಟ ಎಲ್ಲ ಪುಕ್ಕಟೆ. ಅದೇ ನನಗೆ ಒಗ್ಗಲಿಲ್ಲ. ಮೈಮುರಿದು ದುಡಿಯದೆ ತುತ್ತು ಎತ್ತಬಾರದು ಎಂದು ಕಲಿಸಿದ ಮನೆ ನಮ್ಮದು. ನಮ್ಮಪ್ಪ ಬೀಗರ ಮನೆಗೆ ಹೋದರೂ ಊಟಕ್ಕೆ ಮೊದಲು ಎರಡು ಕೊಡ ನೀರಾದರೂ ಸೇದಿ ಹಾಕುತ್ತಿದ್ದ ಮನುಷ್ಯ. ಹಾಗಾಗಿ ನಾನು ಮೊದಲ ವಾರವೇ ಸೆರಗು ಸಿಕ್ಕಿಸಿ ವಾರ್ಡಿನ ಕಸ ಹೊಡೆಯಲು ನಿಂತೆ. ಎಸ್ತೇರಮ್ಮ ಓಡಿ ಬಂದು ಕಸಬರಿಗೆ ಕಸಿದುಕೊಂಡರು.

ಎಸ್ತೇರಮ್ಮ ನಮ್ಮ ವಾರ್ಡಿನ ಹಿರಿಯ ನರ್ಸು. ಐವತ್ತರ ಆಚೆ ಈಚೆ ವಯಸ್ಸು, ಕುಳ್ಳನೆಯ ಜೀವ, ಬಿಳಿ ಸೀರೆ, ಓಡಿದಂತೆ ನಡಿಗೆ. "ಮಲಗೂದ ನಿನ್ನ ಕೆಲಸ. ಅದನ್ನಷ್ಟು ನೆಟ್ಟಗ ಮಾಡು" ಎಂದರು.

"ಪುಕ್ಕಟ ಉಂಡು ಮಲಗಾಕ ನನಗ ಬರೂದಿಲ್ಲರಿ."

"ಬರೂದಿಲ್ಲಂದ್ರ ಕಲೀಬೇಕು. ಸಾಲಿ ಅಕ್ಕೋರಲ್ಲ ನೀ?"

ನನ್ನ ಪಕ್ಕದ ಮಂಚ ಇಂಡಿ ತಾಲೂಕಿನ ಅಗರಖೇಡದ ನೀಲವ್ವನದು. ಊರ ಹೊರಗೆ ಕಳ್ಳಬಟ್ಟಿ ಸೆರೆ ಕಾಸಿ ಮಾರುತ್ತಿದ್ದವಳು. ಬಂದ ದಿನವೇ ಅದನ್ನು ತಾನಾಗಿ ಹೇಳಿದಳು, ಜೋಳ ಬಿತ್ತುತ್ತೇನೆ ಎಂದಷ್ಟು ಸಲೀಸಾಗಿ. ಬಾಯಿ ತೆರೆದರೆ ಬೈಗುಳ. ಸಂಜೆ ಎಸ್ತೇರಮ್ಮ ವಾರ್ಡಿನ ನಡುವೆ ನಿಂತು ಪ್ರಾರ್ಥನೆ ಮಾಡುವಾಗ ಈಕೆ ಗೋಡೆ ಕಡೆ ಹೊರಳಿ ಗೊರಕೆ ಹೊಡೆಯುತ್ತಿದ್ದಳು. ನಾನು ಲಿಂಗಪೂಜೆ ಮಾಡಿಕೊಳ್ಳುವಾಗ, "ನನ್ನ ಹೆಸರ್ಲೇನೂ ಒಂದೀಟು ಹೇಳ್ರಿ ಅಕ್ಕೋರ, ನನ್ನ ಧ್ವನಿ ದೇವರಿಗೆ ಕೇಳಿಸೂದಿಲ್ಲ" ಎಂದು ನಗುತ್ತಿದ್ದಳು. ದವಾಖಾನೆಯಲ್ಲಿ ಕೊಡುವ ತತ್ತಿ ನನಗೆ ನಡೆಯುತ್ತಿರಲಿಲ್ಲ. ಅದನ್ನು ಆಕೆಗೆ ಕೊಡುತ್ತಿದ್ದೆ. ನನಗೆ ಬೇಡದ್ದನ್ನು ಕೊಟ್ಟು ಅದನ್ನೂ ದಾನವೆಂದೇ ತಿಳಿದಿದ್ದೆ, ನೋಡಿ ನನ್ನ ಜಾಣತನ.

ಮೂರನೆಯ ತಿಂಗಳು ಮಸೂತಿಯಿಂದ ನಮ್ಮವ್ವ ಬಂದಳು. ನನ್ನ ಹಣೆಗೆ ವಿಭೂತಿ ಹಚ್ಚಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹದಿನಾರು ಸೋಮವಾರ ನಿಟ್ಟುಪವಾಸ ಮಾಡ್ತಾಳಂತ ಬೇಡಿಕೊಂಡೀನಿ. ನಡಸಿಕೊಡು ಮಗಳ" ಎಂದಳು. ನಿಟ್ಟುಪವಾಸವೆಂದರೆ ಹಾಲು ಹಣ್ಣಿನ ಉಪವಾಸವಲ್ಲ. ಬೆಳಗಿನಿಂದ ಮರುದಿನ ಬೆಳಗಿನವರೆಗೆ ಬಾಯಿಗೆ ಏನೂ ಹೋಗಬಾರದು. ನೀರೂ ಇಲ್ಲ. ನೀರೇ ಇಲ್ಲದ ಮೇಲೆ ಗುಳಿಗೆ ಎಲ್ಲಿಂದ? ಬೇರೆ ಯಾರಿಗಾದರೂ ಇಲ್ಲೊಂದು ಪ್ರಶ್ನೆ ಏಳುತ್ತಿತ್ತೇನೋ. ಮಗ್ಗಿ ಬಾಯಿಪಾಠ ಮಾಡಿಸುವ ಅಕ್ಕೋರಿಗೆ ಏಳಲಿಲ್ಲ.

ಸೋಮವಾರದ ಗುಳಿಗೆಗಳನ್ನು ನಾಲಿಗೆಯ ಕೆಳಗಿಟ್ಟುಕೊಂಡು, ನರ್ಸು ಮುಂದಿನ ಮಂಚಕ್ಕೆ ಹೋದ ಮೇಲೆ ತೆಗೆದು, ಬೇವಿನ ಬುಡದಲ್ಲಿ ಹೂಳುತ್ತಿದ್ದೆ. ಪುಡಿಯನ್ನು ಪಡಸಾಲೆಯ ಕಟ್ಟೆಯಾಚೆ ಚೆಲ್ಲುತ್ತಿದ್ದೆ. ಊಟವನ್ನು ಸದ್ದಿಲ್ಲದೆ ನೀಲವ್ವನ ಕಡೆ ದಾಟಿಸುತ್ತಿದ್ದೆ. ಇಂಜೆಕ್ಷನ್ನು ಮಾತ್ರ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ಬಾಯಿಂದ ಹೋಗುವುದಲ್ಲವಲ್ಲ, ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನಾಲ್ಕನೆಯ ತಿಂಗಳ ಪರೀಕ್ಷೆಯಲ್ಲಿ ನೀಲವ್ವನ ಕಫ ಸ್ವಚ್ಛ ಬಂತು. ನನ್ನದು ಬರಲಿಲ್ಲ.

ನನಗಾದ ಸಿಟ್ಟನ್ನು ಹೇಗೆ ಹೇಳಲಿ! ಸೆರೆ ಮಾರಿ ಎಷ್ಟು ಮನೆ ಹಾಳು ಮಾಡಿದವಳೋ. ಒಂದು ದಿನ ಕೈಮುಗಿದವಳಲ್ಲ. ಕದ್ದು ತಂಬಾಕು ಹಾಕುತ್ತಿದ್ದಳು. ತಿಂದು, ಬೈದು, ಮಲಗಿ, ಗುಂಡಗಾಗುತ್ತಿದ್ದಾಳೆ. ನಾನು ಮುಂಜಾನೆ ತಣ್ಣೀರು ಸುರುವಿಕೊಂಡು ಮಡಿಯಲ್ಲಿ ನಡುಗುತ್ತ ಕೂತವಳು, ಸೊರಗಿ ಹಂಚಿಕಡ್ಡಿಯಾಗಿದ್ದೇನೆ. ಆ ಸಂಜೆ ಎಸ್ತೇರಮ್ಮನನ್ನು ತಡೆದು ಕೇಳಿಯೇಬಿಟ್ಟೆ. "ನೀವು ದಿನಾ ಕೃಪಾ ಕೃಪಾ ಅಂತೀರಲ್ಲರಿ. ನಿಮ್ಮ ದೇವರಿಗೆ ಒಳ್ಳೇವ್ರು ಕೆಟ್ಟವ್ರು ಅನ್ನೂ ಫರಕ ಗೊತ್ತಾಗೂದಿಲ್ಲೇನು?"

ಎಸ್ತೇರಮ್ಮ ಥರ್ಮಾಮೀಟರು ಜಾಡಿಸುತ್ತ, "ಗೊತ್ತಾಗ್ತೈತಿ" ಎಂದರು.

"ಮತ್ತ?"

"ಒಳ್ಳೇವ್ರಿಗಷ್ಟ ಕೊಡ್ತೇನಂದ್ರ ಕೊಡಾಕ ಯಾರೂ ಸಿಗೂದಿಲ್ಲವ್ವ. ನಾನೂ ಇಲ್ಲ, ನೀನೂ ಇಲ್ಲ. ಅದಕ್ಕ ಯೇಸುಸ್ವಾಮಿ ತಾನ ಕೊಟ್ಟ. ಕೈ ಒಡ್ಡಿದವ್ರಿಗೆ ಸಿಗ್ತದ. ನಂಬಿ ಕೈ ಒಡ್ಡೂದು, ಇಷ್ಟ ನಮ್ಮ ಪಾಲಿಂದು."

"ಹಂಗಾದ್ರ ಯಾರರ ಯಾಕ ಒಳ್ಳೇದು ಮಾಡಬೇಕು? ನೀವ್ಯಾಕ ಮುಂಜಾನಿಯಿಂದ ಸಂಜೀಮಟ ಕಾಲು ನೆಲಕ್ಕ ಹತ್ತದಂಗ ಓಡ್ತೀರಿ?"

ಅವರು ನಕ್ಕರು. "ಸಿಗಲಿ ಅಂತ ಓಡೂದಿಲ್ಲ ನಾ. ಸಿಕ್ಕೇತಂತ ಓಡ್ತೇನಿ."

ಚೆನ್ನಾಗಿ ಮಾತಾಡುತ್ತಾರೆ, ಆದರೆ ಹೊಟ್ಟೆಯಲ್ಲಿ ಕೆಂಡ ಇದ್ದವರಿಗಲ್ಲ ಈ ಮಾತು ಎಂದುಕೊಂಡು ಮಗ್ಗುಲಾದೆ. ಒಂದು ದಿನದ ಉಪವಾಸ ಸಾಲದು ಅನ್ನಿಸಿತು. ಶುಕ್ರವಾರವನ್ನೂ ಸೇರಿಸಿದೆ. ಅಮಾವಾಸ್ಯೆ ಬೇರೆ.

ಆರನೆಯ ತಿಂಗಳು ದೊಡ್ಡ ಡಾಕ್ಟರು ನನ್ನ ಎಕ್ಸರೇ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ತಮಿಳು ಸೀಮೆಯವರು, ಕನ್ನಡವನ್ನು ಒಂದೊಂದೇ ಶಬ್ದ ಹೆಕ್ಕಿ ಆಡುತ್ತಿದ್ದರು. "ಔಷಧ ಕೆಲಸ ಮಾಡ್ತಾ ಇಲ್ಲ. ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಒಂದು ಪುಪ್ಪುಸದ ಭಾಗ ಕೊಯ್ದು ತೆಗೀಬೇಕು" ಎಂದರು. ಬದುಕಿ ಬರುತ್ತೇನೆಯೇ ಎಂದು ಕೇಳಿದೆ. "ತುಂಬಾ ಜನ ಬರ್ತಾರೆ" ಎಂದರು. ಆ ತಿಂಗಳ ಕಾಗದದಲ್ಲಿ ಯಜಮಾನರು ಗಿರಿಜೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದಳೆಂದು ಬರೆದಿದ್ದರು. ಹಾಸಿಗೆಯ ಮೇಲೆ ಕೂತು ಅದನ್ನೇ ಮತ್ತೆ ಮತ್ತೆ ಓದಿದೆ. ನನಗೆ ಸಾಯಲು ಅಷ್ಟು ಹೆದರಿಕೆಯಿರಲಿಲ್ಲ. ಆ ಕೂಸಿಗೆ ನನ್ನ ಮುಖ ನೆನಪಿರದೆ ಹೋಗುತ್ತದಲ್ಲ ಎಂದು ಹೆದರಿಕೆ.

ಮರುದಿನ ಸೋಮವಾರ. ಎಂದಿನಂತೆ ಬೇವಿನ ಬುಡಕ್ಕೆ ಹೋಗಿ ಬಂದರೆ, ನನ್ನ ಮಂಚದ ಹತ್ತಿರ ಎಸ್ತೇರಮ್ಮ ನಿಂತಿದ್ದರು. ಅವರ ಪಕ್ಕದಲ್ಲಿ ನೀಲವ್ವ, ಸೊಂಟದ ಮೇಲೆ ಕೈ ಇಟ್ಟುಕೊಂಡು.

"ನಾನ ಹೇಳೀನಿ" ಎಂದಳು ನೀಲವ್ವ. "ಬೈತೀಯೇನು, ಬೈ. ಇಷ್ಟು ದಿನ ನಿನ್ನ ದೇವರು ನಿನ್ನ ವಿಚಾರ ಅಂತ ಸುಮ್ಮಿದ್ದೆ. ನಿನ್ನ ಅನ್ನಾ ಉಂಡು ನನ್ನ ಬಾಯಿ ಮುಚ್ಚಿತ್ತು. ನಿನ್ನೆ ಎದಿ ಕೊಯ್ತೇವಂದ್ರಲ್ಲ, ಇನ್ನ ಸುಮ್ಮಿದ್ರ ನಾ ಮನಶಾಳಲ್ಲ. ನಿನ್ನ ಕೂಸಿಗೆ ಅವ್ವ ಬೇಕೋ, ಉಪವಾಸ ಬೇಕೋ?"

ಬೈದೆ. ಮಕ್ಕಳೆದುರು ಎಂದೂ ಆಡದ ಮಾತುಗಳು ಬಂದವು. ನೀಲವ್ವ ಕೇಳಿಸಿಕೊಂಡು, "ಪಾಸಾದ್ರಿ ಅಕ್ಕೋರ" ಎಂದು ತನ್ನ ಮಂಚಕ್ಕೆ ಹೋದಳು.

ಎಸ್ತೇರಮ್ಮ ಬೈಯುತ್ತಾರೆಂದು ಕಾದೆ. ಅವರು ಬಂದು ನನ್ನ ಹಾಸಿಗೆಯ ಮೇಲೆ ಕೂತರು. ಆ ವಾರ್ಡಿನಲ್ಲಿ ನರ್ಸುಗಳು ರೋಗಿಯ ಹಾಸಿಗೆಯ ಮೇಲೆ ಕೂಡುತ್ತಿರಲಿಲ್ಲ. "ಎಷ್ಟು ದಿನದಿಂದ?" ಅಂದರು. ಹೇಳಿದೆ. ಯಾಕೆಂದು ಕೇಳಿದರು. ಅದನ್ನೂ ಹೇಳಿದೆ: ಏನೋ ಪಾಪ ಮಾಡಿದ್ದೇನೆ, ಯಾವುದೆಂದು ಗೊತ್ತಿಲ್ಲ, ಅದು ತೀರುವವರೆಗೆ ನನ್ನ ಕೂಸು ನನಗೆ ಸಿಗುವುದಿಲ್ಲ.

"ಸಂತ್ಯಾಗ ಬದನೀಕಾಯಿಗೆ ಮಾಡಿದಂಗ ದೇವರ ಜೋಡಿ ಚೌಕಾಶಿ ಮಾಡಾಕತ್ತೀಯಲ್ಲ ತಂಗಿ" ಎಂದರು. ಧ್ವನಿಯಲ್ಲಿ ಕುಹಕವಿರಲಿಲ್ಲ. "ಅಂವ ಮಾರಾಕ ಕುಂತಿಲ್ಲ. ಈ ಗುಳಗಿ ನಿನಗ ಯಾಕ ಕೊಡ್ತೇವಿ, ಹೇಳು? ನೀ ಚೊಲೋ ಅಕ್ಕೋರಂತಲ್ಲ. ಬ್ಯಾನಿ ಐತಿ, ಅದಕ್ಕ. ನೀಲವ್ವಗೂ ಅದಕ್ಕ. ಬಾಯಿ ತಗಿ, ನುಂಗು. ಇಷ್ಟರಾಗ ನಿನ್ನ ಹೆಚ್ಚುಗಾರಿಕಿ ಏನೈತಿ?"

ಏನೂ ಇರಲಿಲ್ಲ. ಅದೇ ನನಗೆ ಕಷ್ಟವಾಗಿದ್ದು. ಉಪವಾಸದಲ್ಲಿ ನಾನು ಒಂದು ಕೈ ಮೇಲಿರುತ್ತಿದ್ದೆ. ಗುಳಿಗೆ ನುಂಗುವಾಗ ನಾನೂ ಸೆರೆ ಮಾರುವವಳೂ ಒಂದೇ. ಆ ಸೋಮವಾರ ಎಸ್ತೇರಮ್ಮ ಲೋಟ ಹಿಡಿದು ನಿಂತರು. ಮುಷ್ಟಿ ಗುಳಿಗೆಯನ್ನು ನುಂಗಿ, ಗೋಡೆ ಕಡೆ ಹೊರಳಿ ಅತ್ತೆ. ಕುತ್ತಿಗೆಯಲ್ಲಿದ್ದ ಲಿಂಗವನ್ನು ಹಿಡಿದುಕೊಂಡೇ ಅತ್ತೆ.

ದೊಡ್ಡ ಡಾಕ್ಟರು ಮಾತ್ರ ಸರಿಯಾಗಿ ಬೈದರು. ಮಿರಜಿನ ಮಾತನ್ನು ಮೂರು ತಿಂಗಳು ಮುಂದೆ ಹಾಕಿದರು, ಹೆಚ್ಚು ಭರವಸೆ ಇಟ್ಟುಕೊಳ್ಳಬೇಡಿ ಎಂದರು. ನೀಲವ್ವ ಅಷ್ಟರಲ್ಲಿ ಮನೆಗೆ ಹೊರಟಳು. ಹೋಗುವಾಗ, "ಅಗರಖೇಡಕ್ಕ ಬರ್ರಿ, ಭೀಮಾ ಹೊಳಿ ಮೀನ... ಅಯ್ಯ, ನೀವು ತಿನ್ನೂದಿಲ್ಲ. ಬರೇ ರೊಟ್ಟಿ ಉಣ್ಣಾಕ ಬರ್ರಿ" ಎಂದಳು. ನಾನು ಆಕೆಯ ಕೈ ಹಿಡಿದೆ. ಕ್ಷಮಿಸು ಅನ್ನುವುದು ಬಾಯಿಗೆ ಬರಲಿಲ್ಲ. ಆಕೆ ಅದಕ್ಕೆ ಕಾಯಲೂ ಇಲ್ಲ, ಬಸ್ಸು ತಪ್ಪುತ್ತದೆಂದು ಓಡಿದಳು.

ಒಂಬತ್ತನೆಯ ತಿಂಗಳು ನನ್ನ ಕಫ ಸ್ವಚ್ಛ ಬಂತು. ಹತ್ತನೆಯ ತಿಂಗಳು ಮತ್ತೆ. ದೊಡ್ಡ ಡಾಕ್ಟರು ಕಾಗದವನ್ನು ಎರಡು ಸಲ ನೋಡಿದರು. "ನಡುವೆ ಬಿಟ್ಟವರಿಗೆ ಅದೇ ಔಷಧ ಮತ್ತೆ ಹತ್ತೋದು ಅಪರೂಪ" ಎಂದರು.

"ನನಗ ಯಾಕ ಹತ್ತಿತ್ರಿ?"

"ನನಗೆ ಗೊತ್ತಿಲ್ಲ" ಎಂದು ಕಾಗದ ಮಡಚಿದರು.

ಇದನ್ನು ಬರೆಯುವಾಗ ಒಂದು ಮಾತು ಮುಚ್ಚಿಡಬಾರದು. ಬಾಗಿಲ ಪಕ್ಕದ ಮಂಚದಲ್ಲಿ ಸಿಂದಗಿಯ ಹುಡುಗಿಯೊಬ್ಬಳಿದ್ದಳು, ಕಾಶೀಬಾಯಿ ಅಂತ. ಒಂದು ಗುಳಿಗೆ ಬಿಟ್ಟವಳಲ್ಲ. ಅದೇ ತಿಂಗಳು ತೀರಿಕೊಂಡಳು. ನಾನು ಎಸ್ತೇರಮ್ಮನ ಬೆನ್ನುಹತ್ತಿ ಕೇಳಿದೆ, "ಇದಕ್ಕೇನಂತೀರಿ?" ಎಂದು. ಅವರು ಆ ಮಂಚದ ಚಾದರ ಮಡಚುತ್ತಿದ್ದರು. "ಏನೂ ಅನ್ನೂದಿಲ್ಲವ್ವ. ನನಗ ತಿಳಿಯೂದಿಲ್ಲ. ಆಕಿ ಅಂವನ ಕೈಯಾಗ ಅದಾಳ ಅಂತ ನಂಬೇನಿ, ಅಷ್ಟ" ಎಂದು ಚಾದರದಲ್ಲೇ ಮುಖ ಒರೆಸಿಕೊಂಡರು. ಅವರಿಗೆ ಉತ್ತರ ಗೊತ್ತಿದ್ದರೆ ನಾನು ಅವರನ್ನು ಅಷ್ಟು ನಂಬುತ್ತಿರಲಿಲ್ಲ.

ಹನ್ನೊಂದನೆಯ ತಿಂಗಳೂ ನನ್ನ ಕಫ ಸ್ವಚ್ಛ ಬಂತು. ಬಿಡುಗಡೆಯ ದಿನ, ಒಂದೇ ಒಂದು ಸಲ, ಅವರು ನನ್ನನ್ನು ಕೇಳಿದರು: "ಯೇಸುಸ್ವಾಮಿನ್ನ ನಂಬ್ತೀಯೇನು?" ನಾನು ನಿಜವನ್ನೇ ಹೇಳಿದೆ. "ನನ್ನ ಲಿಂಗಾ ನಾ ಬಿಡೂದಿಲ್ಲರಿ. ಆದರ ಇನ್ನ ಚೌಕಾಶಿ ಮಾಡೂದಿಲ್ಲ." ಅವರ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು, ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ, ಇನ್ನು ಎಂಟು ತಿಂಗಳು ನುಂಗಬೇಕಾದ ಗುಳಿಗೆಗಳನ್ನು ಹೇಗೆ ತರಿಸಿಕೊಳ್ಳಬೇಕೆಂದು ಮೂರು ಸಲ ಹೇಳಿದರು. ನಾನು ಕ್ರೈಸ್ತಳಾಗಲಿಲ್ಲ. ಅವರ ದೇವರ ಮಾತಿನಿಂದ ಬದುಕಿದೆ ಎಂದು ಹೇಳಲು ನನಗೆ ಸಂಕೋಚವೂ ಇಲ್ಲ.

ಹನ್ನೊಂದು ತಿಂಗಳಾದ ಮೇಲೆ ನಾಲತವಾಡದ ಮನೆಯ ಹೊಸ್ತಿಲು ದಾಟಿದೆ. ಗಿರಿಜೆ ಅಂಗಳದಲ್ಲಿ ಓಡುತ್ತಿದ್ದಳು. ನನ್ನನ್ನು ನೋಡಿ ನಿಂತಳು. ಆಮೇಲೆ "ಅವ್ವಾ" ಎಂದು ಚೀರಿ, ಹೋಗಿ ಶಾಂತಾಳ ಕಾಲು ತಬ್ಬಿಕೊಂಡಳು. ಶಾಂತಾ ಪಾಪ, ನಾಚಿಕೆಯಿಂದ ಕುಗ್ಗಿ, "ನಿಮ್ಮವ್ವ ಅಲ್ಲಿ ಅದಾಳ ನೋಡು" ಎಂದು ನನ್ನ ಕಡೆ ದೂಡಿದಳು. ಕೂಸು ಇನ್ನೂ ಜೋರಾಗಿ ಅತ್ತಿತು.

ಬಿಜಾಪುರದಲ್ಲಿ ಕೊಂಡ ಕಟ್ಟಿಗೆಯ ಗೊಂಬೆ ತೋರಿಸಿದೆ. ಪೇಢೆ ತೋರಿಸಿದೆ. ನಾಲ್ಕು ದಿನ ಹಾಡಿದೆ, ಕುಣಿದೆ, ಕಾಗೆ ಗುಬ್ಬಿಯ ಹಾಗೆ ಕೂಗಿದೆ. ಒಂದನೆಯ ಇಯತ್ತೆಯ ಮಕ್ಕಳನ್ನು ಒಲಿಸುವ ನನ್ನ ವಿದ್ಯೆಯೆಲ್ಲ ಮುಗಿಯಿತು. ಪೇಢೆ ಕಸಿದುಕೊಂಡು ಓಡುತ್ತಿದ್ದಳು. ಹತ್ತಿರ ಮಾತ್ರ ಬರಲಿಲ್ಲ. ಅತ್ತೆಯವರು ನನಗೆ ತಾಟು, ಲೋಟ, ಹಾಸಿಗೆ ಎಲ್ಲ ಬೇರೆ ಇಟ್ಟಿದ್ದರು. ಡಾಕ್ಟರ ಚೀಟಿಯಲ್ಲಿ ಇನ್ನು ಅಂಟುವುದಿಲ್ಲ ಎಂದು ಬರೆದಿತ್ತು. ಯಜಮಾನರು ಅದನ್ನು ಎರಡು ಸಲ ಓದಿ ಹೇಳಿದ್ದರು. ಚೀಟಿಗೆ ಅಂಜುವ ಮನುಷ್ಯಳೇ ಅಲ್ಲ ನಮ್ಮತ್ತೆ.

ಐದನೆಯ ದಿನ ಸೋಮವಾರ. ಅತ್ತೆಯವರು ಮುಂಜಾನೆಯೇ, "ಇವತ್ತು ಉಪವಾಸ ಹಿಡಿ. ನಿಮ್ಮವ್ವ ಬೇಡಿಕೊಂಡಿದ್ದು ಅರ್ಧಕ್ಕ ನಿಂತೈತಿ. ಅದಕ್ಕ ಕೂಸು ನಿನ್ನ ಹತ್ತರ ಬರವಲ್ಲದು" ಎಂದರು.

ಹೌದಿರಬಹುದೇ? ಒಂದು ಗಳಿಗೆ, ಹದಿನಾರಲ್ಲ, ನೂರು ಸೋಮವಾರ ಹಿಡಿಯಲೂ ತಯಾರಿದ್ದೆ. ಆಮೇಲೆ, "ಇಲ್ಲರಿ ಅತ್ತಿ. ನಾ ಉಣ್ತೇನಿ. ಉಂಡು ಗುಳಗಿ ತಗೋತೇನಿ. ಬಂದ್ರ ಬರಲಿ, ಬರದಿದ್ರ ಬಿಡಲಿ, ನನ್ನ ಮಗಳ ಅಕಿ" ಎಂದೆ. ಅತ್ತೆಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ನನ್ನ ಬೇರೆ ತಾಟಿನಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿಕೊಂಡು ಪಡಸಾಲೆಯ ಮೂಲೆಯಲ್ಲಿ ಕೂತೆ. ಯಾರನ್ನೂ ಕರೆಯಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಹಸಿವಾಗಿತ್ತು, ಉಂಡೆ. ಮೂರನೆಯ ತುತ್ತಿಗೋ ನಾಲ್ಕನೆಯದಕ್ಕೋ ತಾಟಿನೊಳಗೆ ಒಂದು ಸಣ್ಣ ಕೈ ಬಂತು. ಗಿರಿಜೆ ರೊಟ್ಟಿ ಹರಿಯಲು ನೋಡಿದಳು, ಬರಲಿಲ್ಲ. ನನ್ನ ತೊಡೆಯ ಮೇಲೆ ಕೂತು ಎರಡೂ ಕೈ ಹಾಕಿದಳು. ನಾನು ಗಾಬರಿಯಿಂದ ಅತ್ತೆಯ ಕಡೆ ನೋಡಿದೆ. ಅತ್ತೆ ಎದ್ದು ನಿಂತಿದ್ದರು. ಬಾಯಿ ತೆರೆದು ಏನೋ ಅನ್ನಲು ಹೋದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಉಣ್ಣಲಿ ಬಿಡು" ಎಂದರು.

ಕೂಸು ಉಂಡು, ಬಾಯೆಲ್ಲ ಪಲ್ಯ ಮಾಡಿಕೊಂಡು, ನನ್ನ ಎದೆಗೆ ಒರಗಿ ಹಾಗೇ ನಿದ್ದೆ ಹೋಯಿತು. ನನ್ನ ಕಾಲು ಜೋಮು ಹಿಡಿಯಿತು, ಎಂಜಲು ಕೈ ಒಣಗಿ ಗರಗರ ಆಯಿತು. ನಾನು ಏಳಲಿಲ್ಲ.